ಕೆಂಪಿನ ಕೆಳಗಿನ ಕೆಂಪು

ಗ್ಯಾಸ್ ಮೀಟರು ಕಳಚಿಕೊಂಡು ಹೋಗಲು ಬಂದ ಹುಡುಗ
ಬೂಟು ಬಿಚ್ಚಲಿಲ್ಲ, ಕಾಫಿ ಬೇಡವೆಂದ.
ಹನ್ನೊಂದೇ ನಿಮಿಷ.
ಗೋಡೆಯಿಂದ ಇಣುಕುವ ಗೇಣುದ್ದದ ಕೊಳವೆಗೆ
ಹಿತ್ತಾಳೆ ಮುಚ್ಚಳ ಬಿಗಿದು, ಸಹಿ ಹಾಕಿ ಎಂದ.
ಐಲ್ಕೊ ಹಾಕಿದ.
ಮೂವತ್ತೊಂದು ವರ್ಷ ಇದೇ ಗ್ಯಾಸನ್ನು
ಇದೇ ನೆಲದಡಿಯಿಂದ ಮೇಲೆ ಕಳಿಸಿದ ಕೈ
ಸಹಿ ಮಾಡುವಾಗ ನಡುಗಲಿಲ್ಲ.
ನಡುಗುವ ಕೆಲಸವನ್ನು ಇಲ್ಲಿ
ನೆಲವೇ ಮಾಡಿ ಮುಗಿಸಿದೆ.

ಖ್ರೋನಿಂಗನ್ ಸೀಮೆಯ ನಮ್ಮೂರಲ್ಲಿ
ಮನೆಗೊಂದು ಬಿರುಕು, ಬಿರುಕಿಗೊಂದು ಕಡತ.
ನಮ್ಮದು ಕಿಟಕಿಯ ಮೂಲೆಯಿಂದ ಹೊರಟು
ಅತ್ತೆಯ ಫೋಟೋದ ಹಿಂದೆ ಹೊಕ್ಕು
ಅವಳ ಕಿವಿಯ ಬಳಿ ಹೊರಬರುತ್ತದೆ.

ಮಾಡಿಗೆ ಹದಿನಾಲ್ಕು ಫಲಕ ಹಾಸಿದೆವು.
ಮೇ ತಿಂಗಳಲ್ಲಿ ನಮಗಿಂತ ಸಾಹುಕಾರರಿಲ್ಲ!
ಹಳೇ ಮೀಟರಿನ ತಟ್ಟೆ ಹಿಂದುಹಿಂದಕ್ಕೆ ತಿರುಗುವುದನ್ನು
ಪಕ್ಕದ ಮನೆಯ ವುಬ್ಬೊ ಬಿಯರ್ ಹಿಡಿದು ನೋಡಿದ,
"ನನ್ನ ವಯಸ್ಸನ್ನೂ ಇದಕ್ಕೆ ಸಿಕ್ಕಿಸಪ್ಪ" ಎಂದ.
ಆದರೆ ಬಿಸಿಲಿದ್ದಾಗ ಚಳಿಯಿಲ್ಲ,
ಚಳಿ ಬಂದಾಗ ಬಿಸಿಲಿಲ್ಲ.
ಕಡಲೆಗೂ ಹಲ್ಲಿಗೂ ಅದೇ ಹಳೇ ಜಗಳ.

ಊಟದ ಮೇಜಿನ ನೇರ ಮೇಲೆ, ಸೂರಿಗೆ ಅಂಟಿದ ಬಿಳಿ ಹಲಗೆ.
ಕೆಂಪಾಗುವುದಿಲ್ಲ, ಸದ್ದಿಲ್ಲ, ವಾಸನೆಯಿಲ್ಲ;
ಹೊತ್ತಿದೆಯೋ ಇಲ್ಲವೋ ಎಂದು
ಅಂಗೈ ಎತ್ತಿ ಕೇಳಬೇಕು.
"ಅವಗೆಂಪು" ಎಂದ ಐಲ್ಕೊ, ಮೇಷ್ಟರ ಹಾಗೆ,
"ಕೆಂಪಿನ ಕೆಳಗಿನ ಕೆಂಪು. ಕಣ್ಣಿಗೆ ಸಿಗದು.
ಗಾಳಿಯನ್ನು ಕಾಯಿಸುತ್ತ ಕೂರುವುದಿಲ್ಲ,
ಎದುರಿಗೆ ಸಿಕ್ಕಿದ್ದನ್ನು ಮುಟ್ಟುತ್ತದೆ, ಅಷ್ಟೆ."
ಮೊದಲು ಅರ್ಥವಾದದ್ದು ಬೆಣ್ಣೆಗೆ.
ಆಮೇಲೆ ನನ್ನ ನೆತ್ತಿಗೆ, ಹೆಗಲಿಗೆ.
ಮೊಣಕಾಲುಗಳಿಗೆ ಇನ್ನೂ ಅರ್ಥವಾಗಿಲ್ಲ:
ಮೇಜಿನ ನೆರಳಲ್ಲಿ ಅವು ಮರಗಟ್ಟಿವೆ.
ದೀಪದ ಬುಡ ಕತ್ತಲೆನ್ನುವುದು
ಕಾಣದ ಬೆಳಕಿಗೂ ತಪ್ಪಿದ್ದಲ್ಲ.

ಡಿಸೆಂಬರಿನಲ್ಲಿ ಒಂಬತ್ತು ದಿನ ಮಂಜು.
ಕಾಲುವೆ, ರಸ್ತೆ, ವುಬ್ಬೊನ ಕುರಿಗಳು, ಎಲ್ಲ ಒಂದೇ ಹಿಟ್ಟು.
ಐಲ್ಕೊನ ನೋಟುಬುಕ್ಕಿನಲ್ಲಿ
ಸೊನ್ನೆ ಪಾಯಿಂಟ್ ನಾಲ್ಕು. ಸೊನ್ನೆ ಪಾಯಿಂಟ್ ಮೂರು.
ಮೂರರ ದಿನ ನನ್ನ ಬಾಯಿ ಜಾರಿತು:
"ಗ್ಯಾಸೇ ವಾಸಿಯಿತ್ತು."
ಅವನೇನೂ ಅನ್ನಲಿಲ್ಲ.
ಪೆನ್ಸಿಲು ಕಿವಿಗೆ ಸಿಕ್ಕಿಸಿ
ಇನ್ವರ್ಟರ್ ಇರುವ ಶೆಡ್ಡಿಗೆ ಹೋಗಿ
ಒಂದು ಗಂಟೆ ಕೂತ.
ನಾನೇ ಹೋಗಿ ಕರೆತರಬೇಕಾಯಿತು. ಕಿವಿಯೆರಡೂ ಮೇಣದಂತಿದ್ದವು.

ಹಾಸಿಗೆ ಇದ್ದಷ್ಟು ಕಾಲು; ಶಾಖ ಇದ್ದಷ್ಟು ಕುರ್ಚಿ.
ಹಲಗೆಯ ಕೆಳಗೆ ಸರಿಯಾಗಿ ಎರಡು ಹಿಡಿಯುತ್ತವೆ,
ಅದೂ ಒಂದೇ ಮಗ್ಗುಲಿಗೆ.
ಇಷ್ಟು ವರ್ಷ ಎದುರುಬದುರು ಕೂತು
ನಡುವೆ ಪರಿಹಾರದ ಕಡತ ಹರಡಿಕೊಂಡು ಉಂಡವರು
ಈಗ ಬಸ್ಸಿನ ಸೀಟಿನಲ್ಲಿ ಕೂತಂತೆ, ಒಂದೇ ಕಂಬಳಿ ಹೊದ್ದು,
ಮುಂದೆ ಗೋಡೆಯನ್ನು ನೋಡುತ್ತ.

ಗೋಡೆ ಒಣಗುತ್ತಿತ್ತು.
ಬಿರುಕಿನ ಅಂಚಿನ ಹಸಿರು ಪಾಚಿ ಪುಡಿಯಾಗಿ ಉದುರಿತ್ತು.
ಬೀರುವಿನ ಹಿಂದೆ ಮಾತ್ರ
ಬೀರುವಿನದೇ ಆಕಾರದ ತೇವ.
"ಸರಿಸೋಣವಾ?" ಎಂದ. ಸರಿಸಿದೆವು.
ಸುಣ್ಣ ಮೆತ್ತಿ ಮುಚ್ಚಿದ ದುಂಡನೆ ಗುರುತು:
ಗ್ಯಾಸಿಗೂ ಹಿಂದಿನ ಒಲೆಯ ಹೊಗೆಗಂಡಿ.
ಐಲ್ಕೊ ಬೆರಳಿನಿಂದ ಅದರ ಸುತ್ತ ಒಂದು ಸುತ್ತು ಬಂದ.
"ಆಗಲೂ ಈ ಮನೆಯಲ್ಲಿ ಒಂದೇ ಜಾಗ ಬೆಚ್ಚಗಿತ್ತಂತೆ.
ನಾಯಿಯನ್ನು ಏಳಿಸಿ ಕೂರಬೇಕಿತ್ತಂತೆ."

ಬಿಲ್ಲು ಬಂತು. ಮೇ ತಿಂಗಳ ಸಾಹುಕಾರಿಕೆ
ಜನವರಿ ಮುಗಿಯುವ ಮೊದಲೇ ಕರಗಿತ್ತು, ಬೆಣ್ಣೆಯ ಹಾಗೆ.
ಗೆದ್ದೆವೆಂದು ನಾನು ಹೇಳಲಾರೆ.
ಹಿತ್ತಾಳೆ ಮುಚ್ಚಳಕ್ಕೆ ಒಂದು ಉಣ್ಣೆ ಟೋಪಿ ಹೆಣೆದು ತೊಡಿಸಿದ್ದೇನೆ,
ತಮಾಷೆಗೆ; ರಾತ್ರಿ ಅದನ್ನು ಎಡವದಿರಲೆಂದೂ ಹೌದು.

ಫೆಬ್ರುವರಿ ಮೂರು, ಮಧ್ಯಾಹ್ನ.
ಶೆಡ್ಡಿನಿಂದ ಕೂಗು:
"ಎರಡು ಪಾಯಿಂಟ್ ಒಂದು! ಯಾಂತಿನಾ, ಎರಡು!"
ನಾನು ಬೆಣ್ಣೆಯ ಬಟ್ಟಲನ್ನು ಎತ್ತಿ
ಮೇಜಿನ ಕೆಳಗಿನ ಸ್ಟೂಲಿಗೆ,
ಮೊಣಕಾಲುಗಳ ನೆರಳಿಗೆ ಇಳಿಸಿದೆ.