ಹಿಮ್ಮಡಿಯಲ್ಲಿ ಬರೆದದ್ದು

ಮೊದಲು ಹಿಮ್ಮಡಿಯನ್ನು ಅಂಗೈಯಲ್ಲಿಟ್ಟು ಬೆಚ್ಚಗೆ ಮಾಡಬೇಕು.
ತಣ್ಣಗಿರುವ ಪಾದ ರಕ್ತ ಕೊಡುವುದಿಲ್ಲ,
ಸಾಲ ಕೇಳಿದಾಗ ಮುಖ ತಿರುಗಿಸುವ ನೆಂಟರ ಹಾಗೆ.
ರನ್‌ವಾಳ ಮಗಳಿಗೆ ಎರಡು ದಿನ. ಹೆಸರಿನ್ನೂ ಇಟ್ಟಿಲ್ಲ.
ಕಾಗದದ ಮೇಲೆ ತಾಯಿಯ ಹೆಸರನ್ನೇ ಬರೆದೆ.

ಒಂದು ಚುಚ್ಚು.
ಕೂಸು ಇಡೀ ದ್ವೀಪಕ್ಕೆ ಕೇಳುವಂತೆ ಕೂಗಿತು. ಕಿಟಕಿಯಾಚೆ
ಕುರಿಯೊಂದು ತಲೆಯೆತ್ತಿ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು.
ಮೊದಲ ಹನಿ ಒರೆಸಿಬಿಡಬೇಕು, ಎರಡನೆಯದರಿಂದ ಲೆಕ್ಕ.
ಒಂದು ವೃತ್ತ ತುಂಬಿತು, ಇನ್ನೊಂದು;
ಮೂರನೆಯದು ಅರ್ಧಚಂದ್ರ. ಸಾಕು ಅಂದುಕೊಂಡೆ.
ಸಾಲದು ಅಂದಿತು ಮೂವತ್ತು ವರ್ಷದ ಅಭ್ಯಾಸ.

ಆಮೇಲೆ ಒಣಗಲು ಬಿಟ್ಟೆ. ಬಿಸಿಲು ಬೇಡ, ಬೆಂಕಿ ಬೇಡ, ಗಾಳಿ ಸಾಕು.
ನಮ್ಮ ಹಿತ್ತಿಲ ಹಲಗೆಗೂಡಿನಲ್ಲಿ
ಕುರಿಯ ತೊಡೆ ಒಣಗುವುದೂ ಹೀಗೆಯೇ,
ಸಂದಿಯಿಂದ ನುಗ್ಗುವ ಉಪ್ಪುಗಾಳಿಗೆ.

ಲಕೋಟೆ ಹಡಗು ಹತ್ತಿತು. ವಿಮಾನ ಹತ್ತಬೇಕಿತ್ತು.
ಮೂರು ದಿನ ಮಂಜು.
ರನ್‌ವಾ ಕೇಳಲಿಲ್ಲ, ನಾನು ಹೇಳಲಿಲ್ಲ.
ಇಬ್ಬರಿಗೂ ನೆನಪಿದ್ದವನು ತ್ರೊಂಡುರ್,
ಅವಳ ತಮ್ಮ. ಹತ್ತೊಂಬತ್ತು. ಎರಡು ದಿನದ ಜ್ವರ,
ಊಟ ಬೇಡವೆಂದು ಮಲಗಿದವನು ಬೆಳಿಗ್ಗೆ ಏಳಲಿಲ್ಲ.
ದೋಣಿಪಂದ್ಯದ ಅಂಗಿ ಇನ್ನೂ ತಂತಿಯ ಮೇಲಿತ್ತು, ಒದ್ದೆ.
ಹಣೆಬರಹ, ಅಂದರು ಚರ್ಚಿನ ಮೆಟ್ಟಿಲ ಮೇಲೆ.
ಆಗ ಎಲ್ಲರೂ ಹಣೆಯನ್ನೇ ನೋಡುತ್ತಿದ್ದೆವು.

ಎಂಟನೆಯ ದಿನ ಕೋಪನ್‌ಹೇಗನ್‌ನಿಂದ ಫೋನು.
ಹೆಣ್ಣುದನಿ, ಅಕ್ಕಿಯಲ್ಲಿ ಕಲ್ಲು ಆರಿಸುವವಳ ನಿಧಾನ:
ಕಾರ್ನಿಟಿನ್ ತೀರ ಕಡಿಮೆ. ಮಗುವಿನ ರಕ್ತ ಇನ್ನೊಮ್ಮೆ ಕಳಿಸಿ.
ಜೊತೆಗೆ, ದಯವಿಟ್ಟು, ತಾಯಿಯದೂ.

ಕಾರ್ನಿಟಿನ್ ಅಂದರೆ ಹಮಾಲ. ಕೊಬ್ಬಿನ ಮೂಟೆ ಹೊತ್ತು
ಒಲೆಯ ಬಾಯಿಗೆ ಮುಟ್ಟಿಸುವವನು. ಅವನು ಸೋರಿಹೋದರೆ
ಉಗ್ರಾಣ ತುಂಬಿದ್ದೂ ಗುಂಡಿಗೆ ಉಪವಾಸ.

ಮಗು ಸರಿಯಾಗಿದೆ, ಎಂದು ಬಂತು ಎರಡನೆಯ ಉತ್ತರ.
ಕೊರತೆ ಅದರದಲ್ಲ, ಕೊಟ್ಟವಳದು.
ಒಂಬತ್ತು ತಿಂಗಳು ಬರಿದಾದ ಪಾತ್ರೆ ಕೆರೆದು ಬಡಿಸಿದ್ದಾಳೆ.
ಬೆಟ್ಟದಿಂದ ಕುರಿ ಇಳಿಸುವ ದಿನ ಎಲ್ಲರಿಗಿಂತ ಹಿಂದೆ ಉಳಿದು
ಸೋಮಾರಿ ಅನ್ನಿಸಿಕೊಂಡವಳು,
ತಾನೂ ಹಾಗೆಯೇ ಅಂದುಕೊಂಡವಳು.
ಕಾಗದದ ಮೇಲೆ ನಾನು ಬರೆದದ್ದೂ
ಅವಳ ಹೆಸರನ್ನೇ.

ಈಗ ದಿನಕ್ಕೆ ಮೂರು ಸಲ ಔಷಧಿ. ಮೈಯೆಲ್ಲ ಮೀನು ನಾರುತ್ತದೆ ಅಂದಳು.
ಮೀನುಗಾರ ಗಂಡ ಮೂಸಿ ನೋಡಿ,
ನನಗೇನೂ ವ್ಯತ್ಯಾಸ ಕಾಣಲಿಲ್ಲ ಅಂದನಂತೆ.

ನಿನ್ನೆ ಸುನ್‌ವೋರ್‌ಳನ್ನು ತೂಕಕ್ಕೆ ತಂದಿದ್ದಳು. ಹೆಸರಿಟ್ಟಾಗಿದೆ.
ಚುಚ್ಚಿದ ಗುರುತು ಹುಡುಕಿದೆ, ಸಿಗಲಿಲ್ಲ.
"ತ್ರೊಂಡುರ್ ಹುಟ್ಟಿದಾಗಲೂ ನೀವೇ ಅಲ್ಲವೇ..."
ಅಷ್ಟಕ್ಕೇ ನಿಲ್ಲಿಸಿದಳು.
ಹೌದು. ಅವನ ಹಿಮ್ಮಡಿಯೂ ಈ ಅಂಗೈಯಲ್ಲೇ ಇತ್ತು, ಬೆಚ್ಚಗೆ.
ನಾನು ಕೂಸಿನ ಕಾಲುಚೀಲ ಹುಡುಕತೊಡಗಿದೆ.
ಒಂದು ಸಿಕ್ಕಿತು.