ಠರಾವು ಹದಿನೇಳು

ಬರೆದದ್ದು ಮೀನಂಗಡಿ ಮೇಲಿನ ಕೋಣೆಯಲ್ಲಿ.
ಬಂದವರು ಹನ್ನೊಂದು ಜನ, ಇದ್ದದ್ದು ಒಂಬತ್ತು ಕುರ್ಚಿ.
ಮಾವಿಸ್ ಡ್ರೂರಿ ನಿಂತೇ ಹೇಳಿದಳು:
ಬೆಳಗಿನ ನಾಲ್ಕರ ಬಸ್ಸು ಮತ್ತೆ ಬೇಕು,
ಬಂದರಿನವರೆಗೆ. ಅಷ್ಟೇ.
ಅಷ್ಟೇ ಅಂದದ್ದನ್ನೂ ಬರೆದುಕೊಂಡೆ ನಾನು.

ಒಂದೂವರೆ ಸಾಲು.
ನಲವತ್ತು ವರ್ಷ ಮೀನು ಸೀಳಿದವಳು,
ಮುಳ್ಳು ಎಲ್ಲಿದೆಯೆಂದು ಬೆರಳಿಗೇ ಗೊತ್ತು.

ಪಕ್ಷದ ಅಧಿವೇಶನ ದಕ್ಷಿಣದ ಕಡಲೂರಲ್ಲಿ.
ಅಲ್ಲೂ ಸಮುದ್ರ, ವಾಸನೆ ಮಾತ್ರ ಇಲ್ಲ.
ಕೊರಳಲ್ಲಿ ಗುರುತುಪಟ್ಟಿ ತೂಗಿಕೊಂಡ ಹುಡುಗನೊಬ್ಬ
ಮಾವಿಸಳ ಚೀಲ ತಾನೇ ಎತ್ತಿಕೊಂಡ.
ಒಳ್ಳೆಯವನೇ. ಅವನಜ್ಜ ಗಣಿಯಲ್ಲಿದ್ದನಂತೆ,
ಮೂರು ಸಲ ಹೇಳಿದ.

“ಇದೇ ಅರ್ಥದ ಠರಾವು ಇಪ್ಪತ್ತೆರಡು ಬಂದಿವೆ,
ಒಟ್ಟುಗೂಡಿಸೋಣ.”
ಬೇಡವೆನ್ನುವುದು ಹೇಗೆ?
ಒಟ್ಟಾಗಿರಿ ಎಂದು ಶಾಖೆಯ ಬಾವುಟದ ಮೇಲೆ
ಹಳದಿ ನೂಲಿನಲ್ಲಿ ಹೊಲಿದವಳು ನನ್ನಮ್ಮ.

ರಾತ್ರಿ ಹತ್ತಕ್ಕೆ, ಕಿಟಕಿಯಿಲ್ಲದ ಕೋಣೆ.
ಮೊದಲು ಹೋದದ್ದು ನಾಲ್ಕು ಗಂಟೆ:
ವಿವರ ಬೇಡ, ಆಶಯವಿರಲಿ.
ಆಮೇಲೆ ಬಂದರು.
ಬೇಕು ಇದ್ದದ್ದು ಪರಿಶೀಲಿಸತಕ್ಕದ್ದು ಆಯಿತು.
ಹನ್ನೆರಡೂವರೆಗೆ ಬಸ್ಸೂ ಇಲ್ಲ,
ಅದು ನಿಲ್ಲುತ್ತಿದ್ದ ಜಾಗದಲ್ಲಿ
ಸಮಗ್ರ ಪ್ರಾದೇಶಿಕ ಸಂಚಾರ ಸಂಪರ್ಕ.
ಮಾವಿಸ್ ಕನ್ನಡಕ ಒರೆಸಿಕೊಂಡು ಹುಡುಕಿದಳು,
ಬೇರೆಯವರ ಕೋಟುಗಳ ರಾಶಿಯಲ್ಲಿ
ತನ್ನದನ್ನು ಹುಡುಕುವವಳ ಹಾಗೆ.
“ಅಷ್ಟೇ ಅಂತ ಬರೆಸಿದ್ದೆನಲ್ಲ, ಅದೆಲ್ಲಿ?”

ಯಾರೂ ಗದರಲಿಲ್ಲ.
ಬಾಗಿಲಿಗೆ ಅಗುಳಿ ಹಾಕಲಿಲ್ಲ.
ಬಿಸ್ಕತ್ತು ಕೊಟ್ಟರು, ಚಾಕೊಲೇಟ್ ಹಚ್ಚಿದ್ದು.
ಟೀವಿಯವರು ಇರುತ್ತಾರೆ ನಾಳೆ, ಅಂದ ಹುಡುಗ,
ಒಡಕು ಕಾಣಬಾರದು.

ಮರುದಿನ ವೇದಿಕೆಯಿಂದ ಓದಿದರು,
ಎಲ್ಲಿ ಉಸಿರು ಹಿಡಿಯಬೇಕೆಂದು ಕಲಿತ ದನಿ.
ಸಾವಿರ ಕೈ ಎದ್ದವು.
ಹೇಳಿಬಿಡುತ್ತೇನೆ: ಅದರಲ್ಲಿ ನನ್ನದೂ ಇತ್ತು.
ಪಕ್ಕದಲ್ಲಿ ಮಾವಿಸಳದು,
ಮೊಣಕೈವರೆಗೆ ಮಾತ್ರ.

ಸೋಮವಾರ ನಸುಕಿನ ಮೂರು ಗಂಟೆ, ಗ್ರಿಮ್ಸ್‌ಬಿ.
ಫ್ರೀಮನ್ ಸ್ಟ್ರೀಟ್ ಉದ್ದಕ್ಕೂ ನಡೆಯುತ್ತಿದ್ದೇವೆ,
ರಬ್ಬರು ಬೂಟು, ಟವೆಲಿನಲ್ಲಿ ಸುತ್ತಿದ ಚೂರಿ.
ಹಿಂದಿನಿಂದ ಓಡಿಬಂದು ಜೊತೆಯಾದಳು ಐಸ್ಟೆ,
ಲಿಥುವೇನಿಯಾದವಳು, ಪ್ಯಾಕಿಂಗ್ ವಿಭಾಗ,
ಯಾವ ಪಕ್ಷದ ಚೀಟಿಯೂ ಇಲ್ಲ.
“ಏನಾಯ್ತು ನಮ್ಮ ಬಸ್ಸು?”

ಮಾವಿಸ್ ನಡಿಗೆ ನಿಲ್ಲಿಸಲಿಲ್ಲ.
“ಪಾಸಾಯ್ತು,” ಅಂದಳು.

ಹುಡುಗಿ ಹಿಂತಿರುಗಿ ರಸ್ತೆ ನೋಡಿದಳು.