ಐದನೆಯ ಕಂತಿನ ಕೆಮ್ಮು

ಒಟ್ಟು ಆರೇ ಕಂತು.
ಎಪ್ಪತ್ತಾರರ ಚಳಿಗಾಲ, ಗುರುವಾರ ರಾತ್ರಿ ಎಂಟೂವರೆ.
ಹಲ್ ಬಂದರಿನ ಹೆಸಲ್ ರಸ್ತೆಯ ಹಿಂದೆ ನಮ್ಮ ಮನೆ,
ಹೀಟರಿನ ಮೂರು ಸಾಲಿನಲ್ಲಿ ಒಂದಕ್ಕೆ ಮಾತ್ರ ಅಮ್ಮನ ಅಪ್ಪಣೆ.

ಕಥೆಯೂ ದೊಡ್ಡದಲ್ಲ.
ಪಿಂಚ್‌ಬೆಕ್ ಎಂಬ ಮುದುಕ, ಕೊಡೆ ರಿಪೇರಿಯ ಅಂಗಡಿ.
ಮುರಿದ ಕಡ್ಡಿ ಕೂಡಿಸುತ್ತಾನೆ, ಹರಿದದ್ದಕ್ಕೆ ತೇಪೆ ಹಾಕುತ್ತಾನೆ,
ಅಷ್ಟರಲ್ಲಿ ಅದರ ಮೇಲೆ ಮೋಹ ಹುಟ್ಟಿ
ಕೇಳಲು ಬಂದವರಿಗೆಲ್ಲ
ಕೊಡೆಯನ್ನು ಕೊಡೆ ಎನ್ನುತ್ತಾನೆ.
ಮಗಳು ಡಲ್ಸಿ ಹಿಂಬಾಗಿಲಲ್ಲಿ ನಿಂತು
ಒಂದೊಂದೇ ಕದ್ದು ಕೊಟ್ಟುಬಿಡುತ್ತಾಳೆ.

ಪತ್ರಿಕೆಯೊಂದು ಒಂದೇ ಪದ ಬರೆಯಿತು: ಒದ್ದೆ.
ಅದು ವಿಮರ್ಶೆಯೋ ಒದೆಯೋ ತಿಳಿಯುವ ಮುಂಚೆ
ಏಳನೆಯ ಗುರುವಾರ ಅದೇ ಹೊತ್ತಿಗೆ
ಕೊಳದ ಬಾತುಕೋಳಿಗಳ ಸಾಕ್ಷ್ಯಚಿತ್ರ ಬಂತು.
ಅರ್ಧ ಗಂಟೆ ಬಾತುಕೋಳಿಗಳನ್ನೇ ನೋಡಿದೆವು,
ಪಿಂಚ್‌ಬೆಕ್ ಎಲ್ಲಾದರೂ ಹಿಂದಿನಿಂದ ಹಾದುಹೋದಾನೆಂದು.

ಟೇಪು ದುಬಾರಿಯಾಗಿದ್ದ ಕಾಲ.
ಐದನೆಯ ಕಂತನ್ನು ಅಳಿಸಿ ಅದರ ಮೇಲೆ
ಯಾವುದೋ ಊರಿನ ಕುದುರೆ ಜಿಗಿತ ತುಂಬಿದರು.

ಉಳಿದದ್ದು ನನ್ನ ಕ್ಯಾಸೆಟ್ಟು.
ಹನ್ನೊಂದರ ಹುಡುಗಿ, ಟಿವಿಯ ಜಾಲರಿಗೆ ಮೈಕು ಹಿಡಿದು
ತೋಳು ಜೋಮು ಹಿಡಿದರೂ ಇಳಿಸದೆ ಕೂತಿದ್ದೆ.
ಯಾರೂ ಉಸಿರೆತ್ತಬೇಡಿ ಎಂದಿದ್ದೆ.
ಅಮ್ಮ ಎತ್ತಲಿಲ್ಲ. ನಾಯಿ ಸಹ.
ಅಪ್ಪ,
ಐಸ್‌ಲ್ಯಾಂಡಿನ ಕಡಲಲ್ಲಿ ಇಪ್ಪತ್ತು ವರ್ಷ ಬಲೆ ಎಳೆದವನು,
ಆ ವರ್ಷ ದೋಣಿ ದಡಕ್ಕೆ ಕಟ್ಟಿದ್ದರಿಂದ
ಗುರುವಾರ ಎಂದರೇನು ಎಂದು ಮೊದಲ ಸಲ ಕಂಡವನು,
ಕೆಮ್ಮಿದ.
ಮೂರು ಸಲ. ಅದೂ ಯಾವಾಗ?
'ಅದು ಅಮ್ಮನ ಕೊಡೆ, ಅಲ್ಲವಾ?' ಎಂದು ಡಲ್ಸಿ ಕೇಳಿ
ಪಿಂಚ್‌ಬೆಕ್ ಬಾಯಿ ತೆರೆದ ಗಳಿಗೆಗೆ.
ಆಮೇಲೆ ಸ್ಟುಡಿಯೋದಲ್ಲಿ ಯಾರೂ ನಕ್ಕಿಲ್ಲ.
ಅವನೇನು ಹೇಳಿದ, ಯಾರಿಗೂ ಗೊತ್ತಿಲ್ಲ.
ಶನಿವಾರದ ತನಕ ನಾನು ಅಪ್ಪನೊಂದಿಗೆ ಮಾತು ಬಿಟ್ಟೆ.

ಈಗ ವರ್ಷಕ್ಕೊಮ್ಮೆ ಸೇರುತ್ತೇವೆ, ಪಬ್ಬಿನ ಮೇಲಿನ ಕೋಣೆಯಲ್ಲಿ,
ಮೂವತ್ತೊಂದು ಜನ, ಕೆಲವರು ತೇಪೆ ಕೊಡೆಯೊಂದಿಗೆ.
ನಿವೃತ್ತ ಬಸ್ ಚಾಲಕ ಕ್ಲೈವ್ ಓಂಬ್ಲರ್
ಆ ಉತ್ತರದ ಬಗ್ಗೆ ಒಂಬತ್ತು ಪುಟ ಬರೆದಿದ್ದಾರೆ.
ಹೋದ ಸಲ ಡಲ್ಸಿಯೇ ಬಂದಿದ್ದಳು, ಅಂದರೆ ಬೆರಿಲ್ ಸ್ಟ್ಯಾನರ್ಡ್,
ಎಂಬತ್ತರ ಮೇಲೆ, ಒಂದು ಕಿವಿ ಮಂದ.
ಏನಂದ ಅವನು, ಎಂದು ಕೋಣೆಯೆಲ್ಲ ಬಾಗಿ ಕೇಳಿತು.
'ನೆನಪಿಲ್ಲ ಕಣ್ರಪ್ಪ,
ಆವತ್ತು ಹೊಸ ಬೂಟು ಕಚ್ಚುತ್ತಿತ್ತು.'

ದೀಪ ಆರಿಸಿ ಕ್ಯಾಸೆಟ್ಟು ಹಾಕುತ್ತೇವೆ.
ಎಲ್ಲರಿಗೂ ಬಾಯಿಪಾಠ. ಆ ಜಾಗ ಬಂದ ಕೂಡಲೇ
ಮೂವತ್ತೊಂದು ಜನರೂ ಕೆಮ್ಮುತ್ತಾರೆ, ಮೂರು ಸಲ, ತಾಳ ತಪ್ಪದೆ.
ಗೂಲ್‌ನಿಂದ ಬರುವ ಹುಡುಗನೊಬ್ಬನಿದ್ದಾನೆ,
ಹುಟ್ಟಿದ್ದೇ ತೊಂಬತ್ತೆಂಟರಲ್ಲಿ, ಕಡಲ ಕಡೆ ಕಾಲಿಟ್ಟವನಲ್ಲ,
ಅವನ ಮೂರನೆಯ ಕೆಮ್ಮಿನ ಕೊನೆಯಲ್ಲಿ
ಅದೇ ಸಣ್ಣ ಗೊರಗೊರ ಇದೆ.
ಕತ್ತಲಲ್ಲಿ ನಾನು ಅವನ ಪಕ್ಕವೇ ಕೂರುತ್ತೇನೆ.

ಅಪ್ಪ ಎಂಬತ್ತೊಂದರಲ್ಲಿ ಹೋದ.
ಫೋಟೊ ನಾಲ್ಕಿವೆ, ನಾಲ್ಕರಲ್ಲೂ ಬಾಯಿ ಮುಚ್ಚಿದೆ.

ಈ ಸಲ ಕ್ಲೈವ್ ಗಂಟಲು ಸರಿಮಾಡಿಕೊಂಡು ಎದ್ದರು.
ಈಗ ಯಂತ್ರಗಳು ಬಂದಿವೆಯಂತೆ, ಒಂದು ಸದ್ದಿನ ಕೆಳಗಿನ ಸದ್ದನ್ನು
ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಆರಿಸುತ್ತವಂತೆ.
ಕೆಮ್ಮು ತೆಗೆದರೆ ಉತ್ತರ ಸಿಗುತ್ತದೆ.
ಅರ್ಧ ಶತಮಾನ ಕಾದಿದ್ದೇವೆ.
ಕ್ಯಾಸೆಟ್ಟು ಒಂದು ವಾರಕ್ಕೆ ಕೊಡ್ತೀಯಾ, ಗೇನರ್?

ಎಲ್ಲ ಮುಖಗಳೂ ನನ್ನ ಕಡೆ.
ಅವರ ತಪ್ಪೇನೂ ಇಲ್ಲ. ನನಗೂ ತಿಳಿಯುವ ಆಸೆಯಿದೆ.

ಕೊಡೆ, ಎಂದೆ.

ಕೋಣೆಗೆ ಕೋಣೆಯೇ ನಕ್ಕಿತು,
ಮುದುಕನ ಮಾತು ಆಡಿ ತೋರಿಸಿದೆನೆಂದು.
ಅವರು ನಗುತ್ತಿರುವಾಗಲೇ
ಕೈಚೀಲದ ಜಿಪ್ಪು ಎಳೆದುಕೊಂಡೆ.